ಶೆಡ್ಡಿನಲ್ಲಿ ನಿಂತ ಕಾರು



ನಿಮ್ಮ ಮನೆಯ ಹಿಂದೆ, ಸೌದೆ ಕೊಟ್ಟಿಗೆಯ ಪಕ್ಕದಲ್ಲಿ, ಟಾರ್ಪಾಲು ಹೊದ್ದು ನಿಂತ ಹಳೆಯ ಕಾರೊಂದು ಇದೆಯೆ? ನಿಮ್ಮಲ್ಲಿ ಇಲ್ಲದಿದ್ದರೆ ನೆಂಟರ ಮನೆಯಲ್ಲಾದರೂ ಇದ್ದೀತು. "ಅದು ಅಪ್ಪನ ಕಾರು. ಮಾರುವುದಿಲ್ಲ. ಯಾವಾಗಲಾದರೂ ಸರಿ ಮಾಡಿಸಬೇಕು" ಎಂಬ ಮಾತನ್ನು ನೀವು ಕೇಳಿರಬಹುದು, ಸ್ವತಃ ಹೇಳಿಯೂ ಇರಬಹುದು. ಆ ಮಾತಿನಲ್ಲಿ ಪ್ರೀತಿ ಇದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಪ್ರೀತಿಯ ಹೆಸರಿನಲ್ಲಿ ಒಂದು ವಸ್ತುವನ್ನು ಮುಟ್ಟದೆ ಬಿಟ್ಟಾಗ ನಾವು ಅದನ್ನು ಕಾಪಾಡುತ್ತಿದ್ದೇವೆಯೋ, ಕೈಬಿಟ್ಟಿದ್ದೇವೆಯೋ? ಇದನ್ನು ಸ್ವಲ್ಪ ಯೋಚಿಸೋಣ.

ಮಲೆನಾಡಿನ ಒಂದು ಮನೆಯ ಕಥೆ ಕೇಳಿ. ಅಲ್ಲಿದ್ದದ್ದು 1986ರ ಪ್ರೀಮಿಯರ್ ಪದ್ಮಿನಿ. ಫಿಯೆಟ್ 1100ರ ಮಾದರಿಯಲ್ಲಿ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ 1974ರಿಂದ ಪದ್ಮಿನಿ ಎಂಬ ಹೆಸರು ಬಂತು. ಆದರೂ ನಮ್ಮ ಜನರ ಬಾಯಲ್ಲಿ ಅದು ಕೊನೆಯವರೆಗೂ "ಫಿಯೆಟ್" ಆಗಿಯೇ ಉಳಿಯಿತು. 1089 ಸಿ.ಸಿ.ಯ ಸಣ್ಣ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಆ ಮನೆಯ ಯಜಮಾನರು ಅದರಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟರು, ಭಾನುವಾರ ಮನೆಯವರನ್ನೆಲ್ಲ ಪೂಜೆಗೆ ಕರೆದೊಯ್ದರು, ಮಧ್ಯರಾತ್ರಿ ನೆರೆಮನೆಯ ಹೆಂಗಸನ್ನು ಹೆರಿಗೆಗೆ ಆಸ್ಪತ್ರೆಗೆ ತಲುಪಿಸಿದರು. 2009ರಲ್ಲಿ ಅವರು ತೀರಿಕೊಂಡರು. ಕಾರು ಶೆಡ್ಡು ಸೇರಿತು.

ಇಬ್ಬರು ಗಂಡುಮಕ್ಕಳು. ದೊಡ್ಡವನು ಬೆಂಗಳೂರಿನಲ್ಲಿ, ಚಿಕ್ಕವನು ಕೊಲ್ಲಿ ದೇಶದಲ್ಲಿ. ಪ್ರತಿ ಕ್ರಿಸ್ಮಸ್‌ಗೆ ಬಂದಾಗ ಟಾರ್ಪಾಲಿನ ಮೇಲಿನ ಎಲೆ ಗುಡಿಸುತ್ತಿದ್ದರು. "ಅಪ್ಪನ ಕಾರು, ಇರಲಿ" ಎನ್ನುತ್ತಿದ್ದರು. ಒಳಗೆ ಏನಾಗಿದೆ ಎಂದು ಯಾರೂ ನೋಡಲಿಲ್ಲ. ಚಿಕ್ಕವನು ಕೆಲಸ ಬಿಟ್ಟು ತಾಯಿಯ ಜೊತೆ ಇರಲು ಬಂದ ವರ್ಷ ಟಾರ್ಪಾಲು ಪೂರ್ತಿ ಎತ್ತಿದ. ಹಿಂದಿನ ಸೀಟಿನಲ್ಲಿ ಇಲಿ ಗೂಡು ಕಟ್ಟಿತ್ತು. ವೈರುಗಳನ್ನು ಕಡಿದು ಹಾಕಿತ್ತು. ಕಾಲಿಡುವ ಕಡೆ ತಗಡು ತುಕ್ಕು ಹಿಡಿದು ತೂತಾಗಿ ನೆಲ ಕಾಣುತ್ತಿತ್ತು. ಅಪ್ಪ ಒಂದು ಗೀರು ಬೀಳಲು ಬಿಡದೆ ನೋಡಿಕೊಂಡಿದ್ದ ಗಾಡಿ ಅದು. ಹುಡುಗ ಅಲ್ಲೇ ಕುಳಿತು ಅತ್ತನಂತೆ.

ತಾಯಿ ಬಂದು ನೋಡಿದರು. "ನಿಮ್ಮಪ್ಪ ಇದ್ದಿದ್ದರೆ ಈಗ ಬೈಯುತ್ತಿರಲಿಲ್ಲ ಕಣೋ. ಒಂದು ಬಕೆಟ್ ನೀರು ತಗೊಂಡು ಬಾ ಅನ್ನುತ್ತಿದ್ದರು" ಎಂದರು.

ಓದುಗರೇ, ನಿಲ್ಲಿಸಿದ ಗಾಡಿ ಇದ್ದ ಹಾಗೇ ಇರುತ್ತದೆ ಎಂದು ನಾವು ತಿಳಿದಿದ್ದೇವೆ. ಅದು ತಪ್ಪು. ಟ್ಯಾಂಕಿನ ಪೆಟ್ರೋಲು ಕೆಟ್ಟು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಆ ನೀರಿನಿಂದ ಬ್ರೇಕಿನ ಸಿಲಿಂಡರುಗಳು ಒಳಗೊಳಗೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ರಬ್ಬರು ಒಣಗಿ ಬಿರಿಯುತ್ತದೆ. ಒಂದೇ ಕಡೆ ಭಾರ ಹೊತ್ತು ಟೈರು ಚಪ್ಪಟೆಯಾಗುತ್ತದೆ. ಯಾರೂ ಏನೂ ಮಾಡದೆಯೇ ಇಷ್ಟೆಲ್ಲ ಆಗುತ್ತದೆ. ಏನೂ ಮಾಡದೆ ಇದ್ದದ್ದರಿಂದಲೇ ಆಗುತ್ತದೆ. ಪೂಜೆಯ ಆರಂಭದಲ್ಲಿ ನಾವು ಮಾಡಿದ ತಪ್ಪುಗಳಿಗೆ ಮಾತ್ರವಲ್ಲ, ಮಾಡದೆ ಬಿಟ್ಟದ್ದಕ್ಕೂ ಕ್ಷಮೆ ಬೇಡುತ್ತೇವಲ್ಲವೆ? ಅದರ ಅರ್ಥ ಇಂಥ ಶೆಡ್ಡಿನಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಗಾದರೆ ಸರಿಪಡಿಸುವುದು ಹೇಗೆ? ಇಲ್ಲಿ ನಮ್ಮ ಮೊದಲ ಆಸೆಯೇ ನಮ್ಮ ಮೊದಲ ತಪ್ಪು. ಹೊಸ ಬ್ಯಾಟರಿ ತಂದು ಕೂಡಲೇ ಕೀಲಿ ತಿರುಗಿಸಿ ಎಂಜಿನ್ನಿನ ಸದ್ದು ಕೇಳಬೇಕು ಅನ್ನಿಸುತ್ತದೆ. ಆ ಹುಡುಗನಿಗೂ ಹಾಗೇ ಅನ್ನಿಸಿತು. ಊರಿನ ಹಳೆಯ ಮೇಸ್ತ್ರಿ ತಡೆದರು. ಒಣಗಿದ ಎಂಜಿನ್ನನ್ನು ಒಮ್ಮೆಲೇ ತಿರುಗಿಸಿದರೆ ಅಂಟಿಕೊಂಡ ಪಿಸ್ಟನ್ ರಿಂಗು ಮುರಿಯಬಹುದು, ಸಿಲಿಂಡರಿನಲ್ಲಿ ಗೀರು ಬೀಳಬಹುದು. ಅವರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಲ್ಲಿ ಸ್ವಲ್ಪ ಎಣ್ಣೆ ಬಿಟ್ಟು, ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಕೈಯಿಂದಲೇ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿದರು. ಹಳೆಯ ಪೆಟ್ರೋಲು, ಹಳೆಯ ಎಂಜಿನ್ ಆಯಿಲ್ ಪೂರ್ತಿ ಹೊರಹಾಕಿದರು. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುವುದರಿಂದ, ಅದಕ್ಕೆಂದು ಮಾಡಿರದ ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಿದರು.

ಎಂಜಿನ್ ತಯಾರಾದ ಮೇಲೂ ಅವರು ಗಾಡಿಯನ್ನು ಶೆಡ್ಡಿನಿಂದ ಹೊರಗೆ ಬಿಡಲಿಲ್ಲ. ನಾಲ್ಕೂ ಚಕ್ರದ ಡ್ರಮ್ ಬಿಚ್ಚಿ ಬ್ರೇಕಿನ ಕೆಲಸ ಮುಗಿಸಿದರು. "ಓಡಿಸುವುದು ಆಮೇಲೆ. ಮೊದಲು ನಿಲ್ಲಬೇಕು" ಎಂದರು. ಟೈರಿನ ಬದಿಯಲ್ಲಿದ್ದ ನಾಲ್ಕು ಅಂಕಿಗಳನ್ನು ತೋರಿಸಿದರು: 1806. ಅಂದರೆ 2006ನೆಯ ಇಸವಿಯ 18ನೆಯ ವಾರದಲ್ಲಿ ತಯಾರಾದದ್ದು. ಗೆರೆ ಸವೆದಿರಲಿಲ್ಲ, ನೋಡಲು ಚೆನ್ನಾಗಿಯೇ ಇತ್ತು. ಆದರೂ ನಾಲ್ಕನ್ನೂ ಬದಲಿಸಿದ್ದಾಯಿತು. ಪೇಂಟಿನ ಮಾತು ಬಂದದ್ದು ಎಲ್ಲಕ್ಕಿಂತ ಕೊನೆಗೆ.

ಈ ಕ್ರಮದಲ್ಲಿ ಒಂದು ನ್ಯಾಯವಿದೆ. ಶೆಡ್ಡಿನಲ್ಲಿ ಇರುವಷ್ಟು ದಿನ ಕಾರು ನಿಮ್ಮ ಸ್ವಂತ ನೆನಪು. ರಸ್ತೆಗೆ ಇಳಿದ ಕ್ಷಣ ಅದು ಸುಮಾರು 900 ಕಿಲೋ ಭಾರದ ಕಬ್ಬಿಣ. ಎದುರಿಗೆ ಸೈಕಲ್ ಹುಡುಗ ಬರುತ್ತಾನೆ, ಹಾಲಿನ ಕ್ಯಾನು ಹಿಡಿದ ಹೆಂಗಸು ರಸ್ತೆ ದಾಟುತ್ತಾಳೆ. ಅವರಿಗೆ ನಿಮ್ಮ ತಂದೆ ಯಾರೋ ಗೊತ್ತಿಲ್ಲ. ನಿಮ್ಮ ಪ್ರೀತಿಯ ಬೆಲೆಯನ್ನು ಅವರು ತೆರಬೇಕಾಗಿ ಬರಬಾರದು.

ಇದರ ಪರೀಕ್ಷೆ ಬೇಗನೆ ಬಂತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಆಮೇಲೆ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇವರದ್ದು 2011ರಲ್ಲೇ ಮುಗಿದಿತ್ತು. ಪರಿಚಯದವನೊಬ್ಬ ಬಂದು, "ಸ್ವಲ್ಪ ಹೆಚ್ಚಿಗೆ ಕೊಡಿ, ಗಾಡಿ ತೋರಿಸದೆ ಕಾಗದ ಮಾಡಿಸಿ ಕೊಡುತ್ತೇನೆ" ಎಂದ. ಹುಡುಗನ ಮನಸ್ಸು ತೂಗಾಡಿತು. ಖರ್ಚು ಲೆಕ್ಕ ಮೀರಿತ್ತು, ಗಾಡಿ ಹೇಗೂ ಸರಿಯಾಗಿದೆಯಲ್ಲ ಎಂಬ ಸಮಾಧಾನವೂ ಇತ್ತು. ತಾಯಿಯನ್ನು ಕೇಳಿದ. ಅವರು ಹೇಳಿದ್ದು ಒಂದೇ ಮಾತು: "ಸರಿಯಾಗಿದ್ದರೆ ತೋರಿಸಲು ಏನು ಭಯ?" ಅವನು ಗಾಡಿಯನ್ನೇ ತಪಾಸಣೆಗೆ ಒಯ್ಯಿಸಿದ. ಬ್ರೇಕು ಹಿಡಿದಾಗ ಗಾಡಿ ಎಡಕ್ಕೆ ಎಳೆಯುತ್ತಿದ್ದದ್ದು ಅಲ್ಲಿ ಗೊತ್ತಾಯಿತು. ಮತ್ತೆ ಗ್ಯಾರೇಜು, ಮತ್ತೆ ಹದಿನೈದು ದಿನ. ಕಾಗದ ಮಾತ್ರ ಕೊಂಡಿದ್ದರೆ ಆ ದೋಷ ಘಾಟಿಯ ತಿರುವಿನಲ್ಲಿ ಗೊತ್ತಾಗುತ್ತಿತ್ತು.

ನೀವು ಇನ್ನೊಂದು ಪ್ರಶ್ನೆ ಕೇಳಬಹುದು. ಅಣ್ಣನೂ ಅದನ್ನೇ ಕೇಳಿದ್ದ: "ಇಷ್ಟು ಹಣವನ್ನು ಹಳೆಯ ಗಾಡಿಗೆ ಸುರಿಯುವ ಬದಲು ಯಾರಾದರೂ ಬಡ ಮಗುವಿನ ಶಾಲೆಯ ಫೀಸು ಕಟ್ಟಬಾರದೆ?" ಇದು ನ್ಯಾಯವಾದ ಪ್ರಶ್ನೆ. ಇದನ್ನು ತಳ್ಳಿಹಾಕಬಾರದು. ತೋರಿಕೆಗೆಂದು, ವರ್ಷಕ್ಕೊಮ್ಮೆ ಫೋಟೋ ತೆಗೆಸಿಕೊಳ್ಳಲೆಂದು ಕಾರು ಸರಿ ಮಾಡಿಸುವುದಾದರೆ ಅಣ್ಣನ ಮಾತೇ ಸರಿ. ಅದು ಟಾರ್ಪಾಲು ತೆಗೆದು ಪಾಲಿಷ್ ಹೊದಿಸಿದಂತೆ, ಅಷ್ಟೆ. ಆದ್ದರಿಂದ ಖರ್ಚಿಗೆ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕು: ಇದನ್ನು ಓಡಿಸುವವರು ಯಾರು? ಇದರಲ್ಲಿ ಕೂರುವವರು ಯಾರು? ಉತ್ತರ ಇಲ್ಲದಿದ್ದರೆ, ಓಡಿಸುವ ಮನಸ್ಸಿರುವವರಿಗೆ ಕೊಟ್ಟುಬಿಡಿ. ತುಕ್ಕು ಚಾಸಿಯನ್ನೇ ತಿಂದಿದ್ದರೆ, ಸರ್ಕಾರದ ನೋಂದಣಿ ಇರುವ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಆರ್.ಸಿ. ರದ್ದು ಮಾಡಿಸಿ. ಮುಂಬಯಿಯ ಬೀದಿಗಳಲ್ಲಿ ದಶಕಗಳ ಕಾಲ ಓಡಿದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ನಿವೃತ್ತವಾದವು. ದುಡಿದು ಮುಗಿಸಿದ ವಸ್ತುವನ್ನು ಗೌರವದಿಂದ ಬೀಳ್ಕೊಡುವುದು ದ್ರೋಹವಲ್ಲ. ಕೊಡದೆ, ಬಳಸದೆ, ಕೊಳೆಯಲು ಬಿಡುವುದು ಮಾತ್ರ ಪ್ರೀತಿಯಲ್ಲ.

ಆ ಮನೆಯಲ್ಲಿ ಉತ್ತರವಿತ್ತು. ಮಗ ಊರಿನಲ್ಲೇ ಇದ್ದ, ತಾಯಿಗೆ ಮಂಡಿನೋವು, ಬಸ್ಸು ಹತ್ತಲಾಗುತ್ತಿರಲಿಲ್ಲ. ಕಾಗದಗಳೆಲ್ಲ ಕೈಸೇರಿದ ಮೇಲೆ ಬಂದ ಮೊದಲ ಭಾನುವಾರ ಕಾರು ಗೇಟು ದಾಟಿತು. ಹೊಸ ಪೇಂಟು ಆಗಿರಲಿಲ್ಲ. ತಗಡಿಗೆ ತೇಪೆ ಹಾಕಿದ್ದು ಹೊರಗಿನಿಂದಲೇ ಕಾಣುತ್ತಿತ್ತು. ಹುಡುಗ ನೇರವಾಗಿ ದೇವಾಲಯದ ದಾರಿ ಹಿಡಿದ. ತಾಯಿ, "ಸ್ವಲ್ಪ ನಿಲ್ಲಿಸು, ಆ ತಿರುವಿನ ಮನೆಯ ಅಜ್ಜಿಯನ್ನು ಹತ್ತಿಸಿಕೊ. ಅಪ್ಪ ಯಾವತ್ತೂ ಹತ್ತಿಸಿಕೊಳ್ಳುತ್ತಿದ್ದರು" ಎಂದರು. ಹದಿನಾಲ್ಕು ವರ್ಷ ಶೆಡ್ಡಿನಲ್ಲಿ ಜೋಪಾನವಾಗಿದೆ ಎಂದುಕೊಂಡಿದ್ದ ಅಪ್ಪನ ನೆನಪು ನಿಜವಾಗಿ ಉಳಿದದ್ದು ಆ ತಿರುವಿನಲ್ಲಿ.

ನಿಮ್ಮ ಮನೆಯಲ್ಲಿ ನಿಂತಿರುವುದು ಕಾರೇ ಆಗಬೇಕಿಲ್ಲ. ಬಾವಿ ಇರಬಹುದು, ಹೊಲಿಗೆ ಯಂತ್ರ ಇರಬಹುದು, ಮಾತು ಬಿಟ್ಟ ಒಬ್ಬ ತಮ್ಮನೂ ಇರಬಹುದು. "ಇರಲಿ, ಆಮೇಲೆ ನೋಡೋಣ" ಎಂದಷ್ಟು ದಿನವೂ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಈ ಶನಿವಾರ ಬಿಡುವು ಮಾಡಿಕೊಂಡು ಟಾರ್ಪಾಲು ಎತ್ತಿ ನೋಡಿ. ಕಂಡದ್ದಕ್ಕೆ ಅಳು ಬಂದರೆ ಅತ್ತುಬಿಡಿ. ಆಮೇಲೆ ಒಂದು ಬಕೆಟ್ ನೀರು ತನ್ನಿ.