ಹಿಟ್ಟಿನ ಕೋಳಿಯೂ ಬಿಳಿಯ ತಿಮಿಂಗಿಲವೂ

ಆಯುಧಪೂಜೆಯ ದಿನ ಸಿರಾ, ಮಧುಗಿರಿ, ಪಟ್ಟನಾಯಕನಹಳ್ಳಿಯಂಥ ಊರುಗಳ ಅಂಗಡಿಬೀದಿಯಲ್ಲಿ ನಡೆದುಹೋಗುವವರಿಗೆ ಬಾಗಿಲು ಬಾಗಿಲಿಗೂ ಒಡೆದ ಬೂದುಗುಂಬಳ ಕಾಣಸಿಗುತ್ತದೆ. ಕಾಯಿಯ ನೆತ್ತಿ ಕೊರೆದು, ಕುಂಕುಮ ತುಂಬಿ, ದೃಷ್ಟಿ ನಿವಾಳಿಸಿ ನೆಲಕ್ಕೆ ಅಪ್ಪಳಿಸುವುದು ರೂಢಿ. ಅದೇ ಕಾಯಿಯನ್ನು ಅಡಿಗೆಮನೆಯಲ್ಲಿ ಹುಳಿಗೆಂದು ಹೆಚ್ಚುವಾಗ ಯಾರೂ ಕುಂಕುಮ ತುಂಬುವುದಿಲ್ಲ. ಕಾಯಿ ಒಂದೇ, ಏಕೇಂದ್ರಿಯ ಜೀವವೂ ಒಂದೇ. ಭೇದವಿರುವುದು ಆ ಕೆಂಪಿನಲ್ಲಿ. ಕೆಂಪು ರಕ್ತದ ಸಂಕೇತ, ಕುಂಬಳ ಪಶುವಿನ ಸಂಕೇತ. ಸಂಕೇತವನ್ನು ಕೊಂದರೆ ಕೊಂದಂತಾಗುತ್ತದೆಯೇ ಎಂಬ ಪ್ರಶ್ನೆ ಹಲವು ಶ್ರಾವಕ ಕುಟುಂಬಗಳಲ್ಲಿ ಆ ದಿನ ಏಳುತ್ತದೆ. ಹಬ್ಬದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ಕನ್ನಡಕ್ಕೆ ಈ ಪ್ರಶ್ನೆ ಹೊಸದಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ ಕವಿ 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಹೃದಯವೇ ಇದು. ಇದೇ ಪ್ರಶ್ನೆಯನ್ನು ತೀರ ಬೇರೆ ಬಾಗಿಲಿನಿಂದ ಪ್ರವೇಶಿಸಿದ ಇನ್ನೊಂದು ಮಹಾಕೃತಿ 642 ವರ್ಷಗಳ ತರುವಾಯ ಅಮೆರಿಕಾದಲ್ಲಿ ಹುಟ್ಟಿತು. ಅದು ಹರ್ಮನ್ ಮೆಲ್ವಿಲ್ 1851ರಲ್ಲಿ ಪ್ರಕಟಿಸಿದ ಮೊಬಿ ಡಿಕ್ ಎಂಬ ಕಾದಂಬರಿ. ಮೆಲ್ವಿಲ್‌ಗೆ ಜನ್ನನ ಹೆಸರು ತಿಳಿದಿರುವ ಸಂಭವವೇ ಇಲ್ಲ. ಆದುದರಿಂದಲೇ ಎರಡನ್ನೂ ಎದುರುಬದುರು ಇಟ್ಟು ನೋಡುವುದು ಪ್ರಯೋಜನಕರ.

ಜನ್ನನ ಕಥೆ ಓದುಗರಿಗೆ ಪರಿಚಿತ. ಇಲ್ಲಿ ಒಂದು ಸಂದರ್ಭವಷ್ಟೇ ಸಾಕು. ಉಜ್ಜಯಿನಿಯ ಅರಸ ಯಶೋಧರ ತನ್ನ ರಾಣಿ ಅಮೃತಮತಿ ಮಾವುತ ಅಷ್ಟಾವಂಕನಲ್ಲಿ ಆಸಕ್ತಳಾದುದನ್ನು ಕಣ್ಣಾರೆ ಕಂಡ. ಕಂಡದ್ದನ್ನು ತಾಯಿ ಚಂದ್ರಮತಿಗೆ ಕಂಡಂತೆ ಹೇಳಲಾರದೆ ಕನಸೆಂದು ಹೇಳಿದ. ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡೆಂದು ತಾಯಿ ಹಟ ಹಿಡಿದಳು. ಅರಸ ಒಪ್ಪಲಿಲ್ಲ. ತಾಯಿ ಬಿಡಲಿಲ್ಲ. ಕೊನೆಗೆ ಹಿಟ್ಟಿನ ಕೋಳಿಯ ಬಲಿಗೆ ಇಬ್ಬರೂ ಒಡಂಬಟ್ಟರು. ಕೋಳಿ ಎಷ್ಟು ಜೀವಕಳೆಯಿಂದ ಕೂಡಿತ್ತೆಂದರೆ ಬೆಂತರವೊಂದು ಅದರೊಳಗೆ ಹೊಕ್ಕಿತು. ಅರಸ ಕತ್ತಿ ಬೀಸಿದಾಗ ಹಿಟ್ಟಿನ ಕೋಳಿ ಕೂಗಿ ತಲೆಚೆಲ್ಲಿತು. ಮುಂದೆ ರಾಣಿಯ ವಿಷಪ್ರಾಶನದಿಂದ ಸತ್ತ ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡುಗಳಾಗಿ ಹುಟ್ಟಿ ಹುಟ್ಟಿ ಹತರಾದರು. ಕಡೆಯ ತಿರ್ಯಗ್ಜನ್ಮ ಕೋಳಿಗಳದು. ಮುನಿವಾಕ್ಯವನ್ನು ಕೇಳಿದ ಸಂತಸಕ್ಕೆ ಅವು ಕೂಗಿದವು. ಆ ಕೂಗನ್ನೇ ಗುರಿಯಾಗಿಸಿ ಯಶೋಧರನ ಸ್ವಂತ ಮಗ ಯಶೋಮತಿ ಶಬ್ದವೇಧಿ ಬಾಣ ಬಿಟ್ಟ. ಕೂಗಿದ ಕೋಳಿಯನ್ನು ಕಡಿದವನು ಕೂಗಿದುದಕ್ಕಾಗಿ ಸತ್ತ.

ಒಂದು ಹಿಡಿ ಹಿಟ್ಟಿಗೆ ಇಷ್ಟು ದಂಡವೇ ಎಂದು ಆಧುನಿಕ ಓದುಗರು ಆಕ್ಷೇಪಿಸುವುದುಂಟು. ಆಕ್ಷೇಪ ಸಹಜವಾದುದು, ಅದನ್ನು ತಳ್ಳಿಹಾಕಬಾರದು. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹರಣಕ್ಕಿಂತ ಮೊದಲು ಪ್ರಮತ್ತಯೋಗವನ್ನು ಇಟ್ಟರೆಂಬುದನ್ನು ಜಿಜ್ಞಾಸುಗಳು ನೆನೆಯಬೇಕು. ಹಿಟ್ಟಿನಲ್ಲಿ ಪ್ರಾಣವಿರಲಿಲ್ಲ, ಕತ್ತಿ ಬೀಸಿದ ಮನಸ್ಸಿನಲ್ಲಿ ಕೋಳಿಯಿತ್ತು. ದ್ರವ್ಯಹಿಂಸೆ ನಡೆಯಲಿಲ್ಲ, ಭಾವಹಿಂಸೆ ಪೂರ್ಣವಾಗಿ ನಡೆಯಿತು. ಇದಕ್ಕಿಂತ ಸೂಕ್ಷ್ಮವಾದ ಮಾತೊಂದಿದೆ. ಯಶೋಧರ ಅಜ್ಞಾನಿಯಲ್ಲ. ಬಲಿ ತಪ್ಪೆಂದು ಅವನ ಬಾಯಿ ಹೇಳಿತ್ತು. ತಾಯಿಯ ಮೇಲಿನ ಮೋಹಕ್ಕೆ ಅವನು ಕೈಯನ್ನು ಮಾತ್ರ ಕೊಟ್ಟ. 1980ರಲ್ಲಿ ಈ ವಸ್ತುವನ್ನು ಹಿಟ್ಟಿನ ಹುಂಜ ನಾಟಕವಾಗಿಸಿದ ಗಿರೀಶ ಕಾರ್ನಾಡರನ್ನೂ ಸೆಳೆದುದು ಈ ಅರೆಮನಸ್ಸಿನ ಒಪ್ಪಿಗೆಯೇ ಇರಬೇಕು.

ಈಗ ಮೆಲ್ವಿಲ್‌ನ ಕಡಲಿಗೆ ಬರೋಣ. ಅಂದಿನ ಅಮೆರಿಕಾದ ಮನೆಗಳಲ್ಲಿ ದೀಪ ಉರಿಯುತ್ತಿದ್ದುದು ತಿಮಿಂಗಿಲದ ಎಣ್ಣೆಯಿಂದ. ನಾನ್‌ಟಕೆಟ್ ದ್ವೀಪ ಆ ಬೇಟೆಯ ನೆಲೆ. ಪೀಕ್ವಾಡ್ ಎಂಬ ಹಡಗಿನ ನಾಯಕ ಅಹಾಬನ ಒಂದು ಕಾಲನ್ನು ಬಿಳಿಯ ತಿಮಿಂಗಿಲವೊಂದು ಕತ್ತರಿಸಿತ್ತು. ಅವನಿಗೆ ಎಣ್ಣೆ ಬೇಡ, ಆ ಒಂದು ಪ್ರಾಣಿಯೇ ಬೇಕು. ಅವನ ಕಣ್ಣಿಗೆ ಅದು ಪ್ರಾಣಿಯೂ ಅಲ್ಲ. ಲೋಕದ ಸಕಲ ದ್ವೇಷವೂ ತೊಟ್ಟ ಮುಖವಾಡ ಅದು. ಮುಖವಾಡವನ್ನು ಹರಿದರೆ ಹಿಂದಿರುವ ಶತ್ರುವನ್ನು ಮುಟ್ಟಬಹುದೆಂದು ಅವನ ನಂಬಿಕೆ. ಕೂಂಬಿಗೆ ಒಂದು ಚಿನ್ನದ ನಾಣ್ಯ ಹೊಡೆಸಿ, ಬಿಳಿಯ ತಿಮಿಂಗಿಲವನ್ನು ಮೊದಲು ಕಂಡವನಿಗೆ ಅದೆಂದು ಸಾರುತ್ತಾನೆ. ಮುಂದೊಂದು ಅಧ್ಯಾಯದಲ್ಲಿ ಹಡಗಿನವರು ಒಬ್ಬೊಬ್ಬರಾಗಿ ಬಂದು ಆ ನಾಣ್ಯದ ಮುಂದೆ ನಿಲ್ಲುತ್ತಾರೆ. ಪ್ರತಿಯೊಬ್ಬನೂ ಅದರಲ್ಲಿ ತನ್ನನ್ನೇ ಓದಿಕೊಳ್ಳುತ್ತಾನೆ. ಅಹಾಬನಿಗೆ ಅದರಲ್ಲಿ ಕಾಣುವುದೆಲ್ಲ ಅಹಾಬನೇ. ಸಂಕೇತದ ಅರ್ಥ ವಸ್ತುವಿನಲ್ಲಿಲ್ಲ, ನೋಡುವವನ ಕಷಾಯದಲ್ಲಿದೆ ಎಂದು ಜೈನ ಪರಿಭಾಷೆಯಲ್ಲಿ ಹೇಳಬಹುದು.

ಜನ್ನನಲ್ಲಿ ಸಂಕೇತವೊಂದು ಜೀವವಾಯಿತು. ಮೆಲ್ವಿಲ್‌ನಲ್ಲಿ ಜೀವವೊಂದು ಸಂಕೇತವಾಯಿತು. ಯಶೋಧರ ಹಿಟ್ಟನ್ನು ಕೋಳಿಯೆಂದು ಭಾವಿಸಿ ಕಡಿದ. ಅಹಾಬ್ ಉಸಿರಾಡುವ ಪಂಚೇಂದ್ರಿಯ ಪ್ರಾಣಿಯನ್ನು ಕೇವಲ ಗೋಡೆಯೆಂದು ಭಾವಿಸಿ ಈಟಿ ಎಸೆದ. ಈ ಎರಡರಲ್ಲಿ ಎರಡನೆಯದು ಇಂದಿನ ಲೋಕಕ್ಕೆ ಹೆಚ್ಚು ಸಮೀಪವಾದುದು. ಮನುಷ್ಯರನ್ನು ಜಾತಿಯ, ಮತದ, ಭಾಷೆಯ ಗುರುತಾಗಿಸಿಕೊಂಡ ಮೇಲೆ ಹೊಡೆಯುವ ಕೈಗೆ ಎದುರಿನ ಮುಖ ಕಾಣುವುದಿಲ್ಲ.

ಈ ಕಾದಂಬರಿಯಲ್ಲಿ ವರ್ತಕರು ನಿಂತು ಓದಬೇಕಾದ ಪಾತ್ರ ಅಹಾಬನಲ್ಲ, ಬಿಲ್ಡಾಡ್. ಅವನು ಹಡಗಿನ ಪಾಲುದಾರರಲ್ಲೊಬ್ಬ, ಕ್ವೇಕರ್ ಪಂಥದವನು. ಕ್ವೇಕರರು ಯುದ್ಧವನ್ನೊಪ್ಪದ, ಆಯುಧ ಹಿಡಿಯದ ಕ್ರೈಸ್ತರು. ಸರಳ ಉಡುಪು, ಮಿತಭಾಷೆ, ಮಿತವ್ಯಯ ಅವರ ಶೀಲ. ಬಿಲ್ಡಾಡ್ ನರರಕ್ತ ಚೆಲ್ಲುವುದನ್ನು ಒಪ್ಪನು, ತಿಮಿಂಗಿಲದ ರಕ್ತವನ್ನು ಮಾತ್ರ ಪೀಪಾಯಿಗಟ್ಟಲೆ ಚೆಲ್ಲಿ ಶ್ರೀಮಂತನಾದವನು. ಧರ್ಮಗ್ರಂಥವನ್ನು ತೊಡೆಯ ಮೇಲಿಟ್ಟುಕೊಂಡು, ಭೂಮಿಯ ಮೇಲೆ ಸಂಪತ್ತು ಕೂಡಿಡಬಾರದೆಂಬ ಭಾಗವನ್ನು ಓದುತ್ತಲೇ, ಕೆಲಸ ಕೇಳಿ ಬಂದ ಇಷ್ಮೇಲನಿಗೆ ಲಾಭದಲ್ಲಿ 777ನೆಯ ಒಂದು ಪಾಲು ಸಾಕೆನ್ನುತ್ತಾನೆ. ಮೆಲ್ವಿಲ್ ಅವನನ್ನು ನಿಂದಿಸುವುದಿಲ್ಲ, ನಗುತ್ತ ತೋರಿಸಿ ಮುಂದೆ ಸಾಗುತ್ತಾನೆ. ಗಲ್ಲದ ಮೇಲೆ ಕುಳಿತು ಜಿನಸ್ತುತಿ ಹೇಳುವವರಿಗೆ ಆ ನಗು ಸ್ವಲ್ಪ ಚುರುಕೆನ್ನುತ್ತದೆ.

ಶ್ರಾವಕಾಚಾರಗಳು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಗೃಹಸ್ಥನು ಮೊದಲನೆಯದನ್ನು ಸರ್ವಥಾ ತ್ಯಜಿಸಬೇಕೆಂದು ವಿಧಿಸುತ್ತವೆ. ಬಿಲ್ಡಾಡ್ ತನ್ನದು ಉದ್ಯೋಗೀ ಹಿಂಸೆ ಎಂದು ವಾದಿಸಬಹುದಿತ್ತು. ಆ ವಾದ ನಿಲ್ಲದು. ಪ್ರಾಣಿವಧೆಯನ್ನೇ ಕಸುಬಾಗಿಸಿಕೊಂಡ ಮೇಲೆ ಸಂಕಲ್ಪ ಬೇರೆಯಾಗಿ ಉಳಿಯುವುದೆಲ್ಲಿ?

ಹಡಗಿನಲ್ಲಿ ಅಹಾಬನನ್ನು ತಡೆಯಬಲ್ಲವನು ಸ್ಟಾರ್‌ಬಕ್ ಎಂಬ ಉಪನಾಯಕ. ಅವನೂ ಕ್ವೇಕರ್, ಸಜ್ಜನ. ಮೂಕಪ್ರಾಣಿಯ ಮೇಲೆ ಸೇಡು ತೀರಿಸುವುದು ದೈವದ್ರೋಹವೆಂದು ಹೇಳುವ ಧೈರ್ಯ ಅವನಿಗಿದೆ. ಆದರೆ ಅದಕ್ಕೂ ಮುನ್ನ ಅವನ ಬಾಯಿಂದ ಬರುವ ಮಾತು, ಈ ಸೇಡು ನಾನ್‌ಟಕೆಟ್ ಪೇಟೆಯಲ್ಲಿ ಎಷ್ಟು ಪೀಪಾಯಿ ಎಣ್ಣೆ ತಂದೀತು ಎಂಬುದು. ಧರ್ಮವನ್ನು ಲೆಕ್ಕದ ಪುಸ್ತಕದ ಜೊತೆ ಸೇರಿಸಿ ಹೇಳಿದುದರಿಂದ ಮಾತಿನ ಮೊನೆ ಮುರಿಯಿತು. ಅಹಾಬ್ ಲಾಭವನ್ನು ಲಕ್ಷಿಸುವವನಲ್ಲ. ಲಾಭದ ಮಾತಿಗೆ ನಕ್ಕುಬಿಟ್ಟ. ಯಶೋಧರನಂತೆ ಸ್ಟಾರ್‌ಬಕ್ಕನೂ ತಪ್ಪೆಂದು ತಿಳಿದೇ ಕೈಕೊಟ್ಟವನು. ಒಬ್ಬನನ್ನು ಮಾತೃಮೋಹ ಕಟ್ಟಿತು, ಇನ್ನೊಬ್ಬನನ್ನು ಒಡೆಯನ ಆಜ್ಞೆ ಕಟ್ಟಿತು.

ಮೆಲ್ವಿಲ್ ತನ್ನ ಕೃತಿಯನ್ನು ಅರ್ಪಿಸಿದುದು ನಥಾನಿಯಲ್ ಹಾಥಾರ್ನ್‌ಗೆ. ಹಾಥಾರ್ನ್‌ನ 1850ರ ದಿ ಸ್ಕಾರ್ಲೆಟ್ ಲೆಟರ್ ಕಾದಂಬರಿಯಲ್ಲಿ ಊರವರು ವ್ಯಭಿಚಾರದ ಗುರುತಾಗಿ ಹೆಸ್ಟರ್ ಎಂಬಾಕೆಯ ಎದೆಗೆ ಕೆಂಪು ಅಕ್ಷರ ತೊಡಿಸುತ್ತಾರೆ. ವರ್ಷಗಟ್ಟಲೆ ಆಕೆ ರೋಗಿಗಳ, ಬಡವರ ಸೇವೆಯಲ್ಲಿ ತೊಡಗಿದಾಗ ಅದೇ ಊರವರು ಅದೇ ಅಕ್ಷರವನ್ನು ಸಮರ್ಥೆ ಎಂದು ಓದತೊಡಗುತ್ತಾರೆ. ಆಚರಣೆ ಬದಲಾದರೆ ಗುರುತಿನ ಅರ್ಥವೂ ಬದಲಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಕುಂಬಳದ ಗತಿಯೇನು? ದೇವಾಲಯಗಳ ಪ್ರಾಣಿಬಲಿಯನ್ನು ನಮ್ಮ ರಾಜ್ಯದ ಕಾಯ್ದೆ 1959ರಲ್ಲೇ ನಿಷೇಧಿಸಿತು. ಕುರಿಯ ಬದಲು ಕುಂಬಳ ಬಂದಲ್ಲಿ ಕುರಿ ಬದುಕಿತು. ಆ ಜೀವದ ಪಾಲಿಗೆ ಇದು ಸಣ್ಣ ಲಾಭವಲ್ಲ, ಇದನ್ನು ಹೀಗಳೆಯುವವರು ಜೀವದಯೆಯನ್ನು ಅರಿಯರು. ಬಲಿಯ ಪರಂಪರೆಯಿಂದ ಹೊರಬರುತ್ತಿರುವ ಊರಿಗೆ ಕುಂಬಳ ಮೇಲೇರುವ ಮೆಟ್ಟಿಲು. ಬಲಿಯನ್ನೇ ಅರಿಯದ ಮನೆಯವರು ನೆರೆಯವರನ್ನು ನೋಡಿ ಕುಂಕುಮ ತುಂಬಿದರೆ ಅದೇ ಮೆಟ್ಟಿಲಿನಲ್ಲಿ ಕೆಳಗಿಳಿದಂತೆ. ಅಂಥ ಮನೆಗಳಲ್ಲಿ ಹೂವು, ದೀಪ ಸಾಕು.

ಎರಡು ಕೃತಿಗಳಲ್ಲೂ ಕೊನೆಯ ಗಳಿಗೆಯಲ್ಲಿ ಮಕ್ಕಳು ಎದುರಾಗುತ್ತಾರೆ. ಪೀಕ್ವಾಡಿಗೆ ರೇಚಲ್ ಎಂಬ ಹಡಗು ಎದುರಾಗುತ್ತದೆ. ಅದರ ನಾಯಕನ ಹನ್ನೆರಡು ವರ್ಷದ ಮಗ ಕಡಲಿನಲ್ಲಿ ಕಾಣೆಯಾಗಿದ್ದಾನೆ. ಹುಡುಕಲು ನೆರವಾಗೆಂದು ತಂದೆ ಅಂಗಲಾಚುತ್ತಾನೆ. ಅಹಾಬನಿಗೂ ಮನೆಯಲ್ಲಿ ಎಳೆಯ ಮಗನಿದ್ದಾನೆ. ಆದರೂ ಹೊತ್ತು ಹೋಗುತ್ತದೆಂದು ಹಡಗು ತಿರುಗಿಸುತ್ತಾನೆ. ಅತ್ತ ಚಂಡಮಾರಿಯ ಗುಡಿಯಲ್ಲಿ ನರಬಲಿಗೆಂದು ಹಿಡಿತಂದ ಅಭಯರುಚಿ, ಅಭಯಮತಿಯರ ಮುಂದೆ ಅರಸ ಮಾರಿದತ್ತ ನಿಂತಿದ್ದಾನೆ. ಅಳುಕಿಲ್ಲದ ಆ ಎಳೆಯ ಮುಖಗಳನ್ನು ನೋಡಿ ನೀವು ಯಾರೆಂದು ಕೇಳಿದ. ಅವರು ತಮ್ಮ ಜನ್ಮಾಂತರಗಳ ಕಥೆಯನ್ನು ಹೇಳಿದರು. ಬಲಿಯೆಂದು ಎದುರಿಗೆ ನಿಂತವರು ಅವನ ಸ್ವಂತ ತಂಗಿಯ ಮಕ್ಕಳಾಗಿದ್ದರು.