ರೈತನಿಗೆ ಕಂಪೆನಿಯ ನೆರವು: ದಾನವೆ, ಋಣವೆ?

ಉಳ್ಳವರು ಇಲ್ಲದವರಿಗೆ ಕೊಡುವುದು ಲೋಕದಲ್ಲಿ ಹೊಸದೇನೂ ಅಲ್ಲ. ಆದರೆ ಕೊಡುವವನು ಒಬ್ಬ ಮನುಷ್ಯನಾಗಿರದೆ ಒಂದು ಕಂಪೆನಿಯಾಗಿದ್ದರೆ, ಕೊಡಬೇಕೆಂದು ಶಾಸನವೇ ವಿಧಿಸಿದ್ದರೆ, ಪಡೆಯುವವನು ಎರಡು ಮೂರು ಎಕರೆಯ ಬೇಸಾಯಗಾರನಾಗಿದ್ದರೆ, ಆ ಕೊಡುಗೆಗೆ ಯಾವ ಹೆಸರು ಸಲ್ಲತಕ್ಕುದು? ದಾನವೆನ್ನಬೇಕೆ, ವ್ಯಾಪಾರವೆನ್ನಬೇಕೆ, ಅಥವಾ ಋಣದ ತೀರುವೆಯೆನ್ನಬೇಕೆ? ಇದು ಬರಿಯ ಶಬ್ದವಿಚಾರವಲ್ಲ. ದಾನವಾದರೆ ಕೊಟ್ಟವನಿಗೆ ಕೀರ್ತಿಯೂ ಪಡೆದವನಿಗೆ ಕೃತಜ್ಞತೆಯ ಭಾರವೂ ಸಲ್ಲುತ್ತವೆ. ವ್ಯಾಪಾರವಾದರೆ ಇಬ್ಬರೂ ಸಮಾನರು. ಋಣವಾದರೆ ಕೇಳುವ ಹಕ್ಕು ಪಡೆಯುವವನಲ್ಲಿಯೇ ಇರುತ್ತದೆ. ಹೆಸರು ಬದಲಾದರೆ ನಡತೆಯೂ ಬದಲಾಗಬೇಕಾಗುವುದು.

ಈ ಪ್ರಶ್ನೆ ಕೋಲಾರದ ಸೀಮೆಗೆ ಹತ್ತಿರದ ಪ್ರಶ್ನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವೆಲ್ಲ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಎಂದೂ ದಕ್ಷಿಣಪಿನಾಕಿನಿಯೆಂದೂ ಹೆಸರುಗಳುಂಟು. ವರ್ಷದ ಬಹುಭಾಗ ಅವುಗಳ ಪಾತ್ರದಲ್ಲಿ ಕಾಣುವುದು ಮರಳು. ಪೂರ್ವಿಕರು ಕೆರೆಗಳನ್ನು ಕಟ್ಟಿ ಬಾಳಿದರು. ಈಚಿನವರು ಸಾವಿರ ಅಡಿಗೂ ಮೀರಿದ ಕೊಳವೆ ಬಾವಿಗಳನ್ನು ಕೊರೆಸಿ ಬಾಳುತ್ತಿದ್ದಾರೆ. ಆ ನೀರಿನಿಂದಲೇ ಮುಳಬಾಗಿಲಿನ ಟೊಮೇಟೋ, ಮಾಲೂರಿನ ಹೂ ತರಕಾರಿ, ಊರೂರಿನ ಹಿಪ್ಪುನೇರಳೆ ಮತ್ತು ಹಸುವಿನ ಮೇವು. ಒಂದು ಬಾವಿ ಬತ್ತಿದರೆ ಒಂದು ಮನೆಯ ಸಾಲ ಬೆಳೆಯುತ್ತದೆ. ಆದುದರಿಂದ ಇಲ್ಲಿ ಮಣ್ಣನ್ನೂ ನೀರನ್ನೂ ಉಳಿಸಿಕೊಂಡು ಮಾಡುವ ಬೇಸಾಯವೆಂಬುದು ಪಂಡಿತರ ಚರ್ಚೆಯ ಮಾತಲ್ಲ, ಮುಂದಿನ ಪೀಳಿಗೆ ಊರಿನಲ್ಲಿ ನಿಲ್ಲುವುದೋ ಬೆಂಗಳೂರಿನ ದಾರಿ ಹಿಡಿಯುವುದೋ ಎಂಬ ಮಾತು.

ಇನ್ನು ಶಾಸನದ ವಿಷಯ. 2013ರ ಕಂಪೆನಿ ಕಾಯಿದೆಯ 135ನೆಯ ಪ್ರಕರಣವು 2014ರ ಏಪ್ರಿಲ್ ತಿಂಗಳಿನಿಂದ ಜಾರಿಗೆ ಬಂದಿತು. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಹಿತಕ್ಕಾಗಿ ವೆಚ್ಚಮಾಡತಕ್ಕುದು. ತಾನು ಕೆಲಸ ನಡೆಸುವ ಸ್ಥಳಕ್ಕೆ ಮೊದಲ ಮನ್ನಣೆ ಕೊಡತಕ್ಕುದು. ಮಣ್ಣು, ನೀರು, ಗಾಳಿಗಳ ರಕ್ಷಣೆಯೂ ಗ್ರಾಮಾಭಿವೃದ್ಧಿಯೂ ಆ ಹಿತಕಾರ್ಯಗಳ ಪಟ್ಟಿಯಲ್ಲಿ ಸೇರಿವೆ. ಕೆರೆಯ ಹೂಳೆತ್ತುವುದು, ಕೃಷಿಹೊಂಡ ತೋಡಿಸುವುದು, ಹನಿ ನೀರಾವರಿಗೆ ನೆರವಾಗುವುದು, ಮಣ್ಣಿನ ಪರೀಕ್ಷೆ, ತರಬೇತಿ, ರೈತರ ಸಂಘ ಕಟ್ಟುವುದು ಮುಂತಾದ ಕೆಲಸಗಳು ಈ ಬಾಗಿಲಿನಿಂದ ಹಳ್ಳಿಗೆ ಬರುತ್ತವೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಶಾಸನದ ಭಯದಿಂದ ಕೊಟ್ಟದ್ದರಲ್ಲಿ ಧರ್ಮವೆಲ್ಲಿಯದು? ತೆರಿಗೆ ತೆತ್ತವನನ್ನು ದಾನಿಯೆಂದು ಯಾರೂ ಹೊಗಳುವುದಿಲ್ಲವಷ್ಟೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಗೀತೆಯ 17ನೆಯ ಅಧ್ಯಾಯವು ದಾನವನ್ನು ಮೂರಾಗಿ ವಿಂಗಡಿಸಿರುವುದನ್ನು ವಾಚಕರು ಬಲ್ಲರು: ಪ್ರತಿಫಲವನ್ನು ಬಯಸದೆ ದೇಶ, ಕಾಲ, ಪಾತ್ರಗಳನ್ನು ಅರಿತು ಕೊಡುವುದು ಸಾತ್ವಿಕ, ಪ್ರತಿಫಲಕ್ಕಾಗಿಯೋ ಮನಸ್ಸಿಲ್ಲದೆಯೋ ಕೊಡುವುದು ರಾಜಸ, ತಿರಸ್ಕಾರದಿಂದ, ಅಕಾಲದಲ್ಲಿ, ಅಪಾತ್ರರಿಗೆ ಕೊಡುವುದು ತಾಮಸ. ಶಾಸನವು ಕೊಡುವ ಮೊತ್ತವನ್ನು ನಿಗದಿಮಾಡಬಲ್ಲುದು. ದೇಶ, ಕಾಲ, ಪಾತ್ರಗಳನ್ನು ಅರಿಯುವ ಶ್ರದ್ಧೆಯನ್ನು ನಿಗದಿಮಾಡಲಾರದು. ಆ ಶ್ರದ್ಧೆ ಕಂಪೆನಿಯ ಇಚ್ಛೆಗೇ ಬಿಟ್ಟದ್ದು. ಆದುದರಿಂದ ಕಡ್ಡಾಯದ ಕೊಡುಗೆಯಲ್ಲಿಯೂ ಧರ್ಮಕ್ಕೆ ಎಡೆಯುಂಟು.

ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧವಾದುದು. ಮನಸ್ಸು ಹೇಗಿದ್ದರೇನು, ರೈತನ ಹೊಲಕ್ಕೆ ನೀರು ಬಂದರೆ ಸಾಲದೆ? ಫಲವನ್ನು ನೋಡಬೇಕು, ಕೊಟ್ಟವನ ಅಂತರಂಗವನ್ನು ಶೋಧಿಸಿ ಆಗುವುದೇನು? ಬಡವನ ದೃಷ್ಟಿಯಿಂದ ಈ ವಾದ ತಳ್ಳಿಹಾಕತಕ್ಕುದಲ್ಲ. ಆದರೆ ಯಾವ ಫಲವನ್ನು, ಎಷ್ಟು ಕಾಲದ ಫಲವನ್ನು ನೋಡಬೇಕು? ಇದಕ್ಕೆ ಕೋಲಾರದ ಸೀಮೆಯೇ ಉತ್ತರ ಹೇಳಿದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ನೀಲಗಿರಿಯ ಸಸಿಗಳು ಹೇರಳವಾಗಿ ಹಂಚಿಹೋದವು. ಕೂಲಿಯ ಕಷ್ಟವಿಲ್ಲ, ಕಾವಲು ಬೇಡ, ಮರವನ್ನು ಕೊಳ್ಳುವವರಿದ್ದಾರೆ ಎಂದು ರೈತರೂ ಒಪ್ಪಿದರು. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುತ್ತಿದ್ದ ಹೊಲಗಳು ನೀಲಗಿರಿಯ ತೋಪುಗಳಾದವು. ಕೊಟ್ಟವರಲ್ಲಿ ದುರುದ್ದೇಶವಿತ್ತೆಂದು ಹೇಳಲಾಗದು. ಮೊದಲ ಕಟಾವಿನ ಫಲವೂ ಸಿಹಿಯೇ. ಆದರೆ ಹೊಲ ನೀಲಗಿರಿಗೆ ಹೋದಲ್ಲಿ ಮನೆಯ ಕಣಜಕ್ಕೆ ಕಾಳೂ ಹಸುವಿಗೆ ಹುಲ್ಲೂ ಕಡಿಮೆಯಾದವು. ಅಂತರ್ಜಲದ ಮಾತು ಬಂದಾಗಲೆಲ್ಲ ಆ ಮರದ ಮೇಲೆ ದೂರು ಬೆಳೆಯಿತು. ಕಡೆಗೆ 2017ರಲ್ಲಿ ರಾಜ್ಯ ಸರಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಒಂದು ಪೀಳಿಗೆಯಲ್ಲಿ ಉಪಕಾರವೆನಿಸಿದ್ದು ಮುಂದಿನ ಪೀಳಿಗೆಗೆ ಬೇರು ಕೀಳಿಸುವ ಖರ್ಚಾಗಿ ಬಂದಿತು. ಹೊಲದ ಆಯುಸ್ಸನ್ನು ಬಲ್ಲವನು ರೈತ. ಅವನನ್ನು ಕೇಳದೆ ಯೋಚಿಸಿದ ಹಿತವು ಅರೆಹಿತವೇ ಸರಿ.

ಮಾವಿನ ವಿಷಯದಲ್ಲಿ ಮತ್ತೊಂದು ಪಾಠವಿದೆ. 2011ರಲ್ಲಿ ಕೋಕಾ-ಕೋಲಾ ಮತ್ತು ಜೈನ್ ಇರಿಗೇಷನ್ ಕಂಪೆನಿಗಳು ನೆರೆಯ ಚಿತ್ತೂರು ಜಿಲ್ಲೆಯಲ್ಲಿ ‘ಉನ್ನತಿ’ ಎಂಬ ಯೋಜನೆಯನ್ನು ಆರಂಭಿಸಿದುವು. ಹತ್ತು ಮೀಟರು ಅಂತರದ ಹಳೆಯ ಕ್ರಮದಲ್ಲಿ ಎಕರೆಗೆ 40 ಮರ ಹಿಡಿಯುವಲ್ಲಿ, ಮೂರು ಮೀಟರು ಎರಡು ಮೀಟರು ಅಂತರದ ಒತ್ತು ನಾಟಿಯಲ್ಲಿ 670ರಷ್ಟು ಹಿಡಿಯುತ್ತವೆ. ಹನಿ ನೀರಿನಿಂದ ಅವನ್ನು ಸಾಕುವುದು ಕ್ರಮ. ಕಂಪೆನಿಗೆ ಪಾನಕಕ್ಕೆ ಬೇಕಾದ ಹಣ್ಣಿನ ತಿರುಳು, ರೈತನಿಗೆ ಇಳುವರಿ. ಇದು ಮುಚ್ಚುಮರೆಯಿಲ್ಲದ ವ್ಯಾಪಾರ. ಇಬ್ಬರ ಲಾಭವೂ ಹೇಳಿಕೊಂಡಿರುವಾಗ ಇದರಲ್ಲಿ ನಾಚಿಕೊಳ್ಳತಕ್ಕ ಅಂಶವಿಲ್ಲ. ಆದರೆ ಇಂತಹ ವ್ಯಾಪಾರದಲ್ಲಿ ಕಷ್ಟಕಾಲದ ನಷ್ಟವನ್ನು ಯಾರು ಹೊರತಕ್ಕುದೆಂಬುದು ಉಳಿಯುವ ಪ್ರಶ್ನೆ. ಶ್ರೀನಿವಾಸಪುರದ ತೋತಾಪುರಿ ಬಹುವಾಗಿ ಹೋಗುವುದು ಅದೇ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ. 2025ರ ಜೂನ್ ತಿಂಗಳಲ್ಲಿ ಆಂಧ್ರದವರು ತಮ್ಮ ಬೆಳೆಗಾರರ ಬೆಲೆಯನ್ನು ಕಾಯುವುದಕ್ಕಾಗಿ ಹೊರಗಿನ ತೋತಾಪುರಿಗೆ ತಡೆ ಹಾಕಿದರು. ಹಣ್ಣು ಕಾಯುವ ವಸ್ತುವಲ್ಲ. ಕೇಂದ್ರ ಸರಕಾರವು ಕ್ವಿಂಟಲಿಗೆ 1616 ರೂಪಾಯಿಯನ್ನು ಆಧಾರವಾಗಿಟ್ಟುಕೊಂಡು 2.5 ಲಕ್ಷ ಟನ್ ಮಾವಿಗೆ ಬೆಲೆಯ ಕೊರತೆಯನ್ನು ತುಂಬಿಕೊಡಲು ಒಪ್ಪಿದ್ದು ನಿಜ. ಅಷ್ಟರಲ್ಲಿ ಬೆಲೆ ಕುಸಿದ ಏಟು ತೋಟದವನಿಗೆ ಬಿದ್ದೇ ಇತ್ತು. ಕಾರ್ಖಾನೆಗೆ ಆ ಊರಲ್ಲದಿದ್ದರೆ ಈ ಊರಿನ ಹಣ್ಣು ಉಂಟು; ನೆಟ್ಟ ಮರಕ್ಕೆ ಊರು ಬಿಡುವ ಶಕ್ತಿಯಿಲ್ಲ. ಹೀಗೆ ಹೊರಡಬಲ್ಲವನೂ ಹೊರಡಲಾರದವನೂ ಕೂಡಿ ಮಾಡುವ ಪಾಲುದಾರಿಕೆಯಲ್ಲಿ, ಹೊರಡಲಾರದವನ ಕ್ಷೇಮಕ್ಕೆ ಮೊದಲೇ ಏರ್ಪಾಡಾಗದಿದ್ದರೆ ಸಮಾನತೆಯೆಂಬುದು ಕಾಗದದ ಮೇಲಿನ ಮಾತು.

ಇನ್ನು ಋಣದ ವಿಚಾರ. ನರಸಾಪುರ, ವೇಮಗಲ್, ಮಾಲೂರುಗಳಲ್ಲಿ ಕೈಗಾರಿಕಾ ಪ್ರದೇಶಗಳು ಎದ್ದಿರುವುದು ಹಿಂದೆ ಬೇಸಾಯವಿದ್ದ ನೆಲದ ಮೇಲೆ. ನರಸಾಪುರದಲ್ಲಿ ಹೋಂಡಾ ಮೋಟಾರ್ ಸೈಕಲ್ ಕಾರ್ಖಾನೆ 2013ರಲ್ಲಿ ಉತ್ಪಾದನೆಯನ್ನು ತೊಡಗಿತು. ಅನಂತರ ಬಂದವು ಬಹಳ. ಭೂಮಿಗೆ ಬೆಲೆ ಕೊಟ್ಟಾಯಿತೆಂಬುದು ನಿಜ. ಅನೇಕ ಯುವಕರಿಗೆ ಸಂಬಳ ದೊರೆತದ್ದೂ ನಿಜ. ಆದರೆ ನೆರೆಹೊರೆಯ ನೀರು, ದಾರಿ, ಗಾಳಿಗಳನ್ನು ಬಳಸುವವನಿಗೆ ನೆರೆಯ ಋಣವೊಂದು ಉಳಿದೇ ಇರುತ್ತದೆ. ಅದು ಕ್ರಯಪತ್ರದಲ್ಲಿ ತೀರುವುದಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರ ಜೂನಿನಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂದಿತು. ದಿನಕ್ಕೆ 44 ಕೋಟಿ ಲೀಟರು ಹರಿಸುವುದು ಆ ಯೋಜನೆಯ ಗುರಿ. ಬತ್ತಿದ್ದ ಕೆರೆಗಳಲ್ಲಿ ನೀರು ಕಂಡು ಜನ ಹಿಗ್ಗಿದರು. ಶುದ್ಧಿ ಸಾಲದೆಂದು ಆಕ್ಷೇಪಿಸಿದವರು ನ್ಯಾಯಾಲಯಕ್ಕೂ ಹೋದರು. ಪಡೆಯುವವನಾದ ಮಾತ್ರಕ್ಕೆ ನೀರಿನ ಗುಣವನ್ನು ಕೇಳಬಾರದೆಂಬ ನಿಯಮವಿಲ್ಲ. ಕೋಲಾರದ ತರಕಾರಿಯನ್ನು ಉಣ್ಣುವ ಪಟ್ಟಣ ಕೋಲಾರಕ್ಕೆ ನೀರು ಕೊಟ್ಟರೆ ಅದು ಕೃಪೆಯಲ್ಲ, ಲೆಕ್ಕ; ಲೆಕ್ಕವನ್ನು ಪರೀಕ್ಷಿಸುವ ಅಧಿಕಾರ ಇಬ್ಬರಿಗೂ ಉಂಟು.

ಹಾಗಾದರೆ ಸಿದ್ಧಾಂತವೇನು? ಧರ್ಮಶಾಸ್ತ್ರವು ಕೆರೆ, ಬಾವಿ, ತೋಪುಗಳನ್ನು ಮಾಡಿಸುವುದನ್ನು ಪೂರ್ತಧರ್ಮವೆಂದು ಕರೆಯುತ್ತದೆ. ಆದರೆ ಕೆರೆ ತೋಡಿಸಿದ ಮಾತ್ರಕ್ಕೆ ಅದು ಪೂರ್ಣವಾಗದು. ಜಲಾಶಯೋತ್ಸರ್ಗವೆಂಬ ಕರ್ಮವೊಂದು ನಡೆಯಬೇಕು. ಕಟ್ಟಿಸಿದವನು ಆ ನೀರಿನ ಮೇಲಣ ತನ್ನ ಸ್ವಾಮ್ಯವನ್ನು ಸರ್ವಪ್ರಾಣಿಗಳಿಗಾಗಿ ಬಿಟ್ಟುಕೊಡುತ್ತಾನೆ. ಮುಂದೆ ತಾನೂ ಅದನ್ನು ಕುಡಿಯಬಹುದು, ಆದರೆ ಒಡೆಯನಾಗಿ ಅಲ್ಲ, ಹತ್ತು ಜನರಲ್ಲಿ ಒಬ್ಬನಾಗಿ. ಕಂಪೆನಿಯ ನೆರವಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯದು. ದುಡ್ಡು ಬಂದುದು ಶಾಸನದಿಂದಲೋ ಲಾಭದ ಆಸೆಯಿಂದಲೋ ಎಂಬುದನ್ನು ಕೇಳುವುದಕ್ಕೆ ಮುಂಚೆ ಕೇಳತಕ್ಕುದು ಇದು: ಕೊಟ್ಟವನು ಬಿಟ್ಟುಕೊಟ್ಟಿದ್ದಾನೆಯೆ? ಕೆರೆಯ ಏರಿಯ ಮೇಲೆ ಕಂಪೆನಿಯ ಹೆಸರಿನ ಫಲಕವಿರಲಿ. ತೂಬಿನ ಕೀಲಿ ಯಾರ ಕೈಯಲ್ಲಿದೆ? ಮಣ್ಣಿನ ಪರೀಕ್ಷೆಯ ಫಲಿತಾಂಶ ರೈತನಿಗೆ ತಿಳಿಯುವ ಕನ್ನಡದಲ್ಲಿ ಅವನ ಮನೆ ಸೇರಿದೆಯೆ, ವರದಿಯ ಪುಸ್ತಕದಲ್ಲಿ ಮಾತ್ರ ಇದೆಯೆ?

ಬಿಟ್ಟುಕೊಡುವುದೆಂದರೆ ಕೈತೊಳೆದುಕೊಳ್ಳುವುದಲ್ಲ. 2021ರ ನಿಯಮಗಳಂತೆ ಮುಂದುವರಿಯುವ ಯೋಜನೆಗೆ, ಆರಂಭದ ವರ್ಷವನ್ನು ಬಿಟ್ಟು, ಮೂರು ವರ್ಷಗಳ ಮಿತಿ. ಮಾವಿನ ಸಸಿ ಚೆನ್ನಾಗಿ ಫಲಕ್ಕೆ ಬರುವಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ನಾಲ್ಕನೆಯ ವರ್ಷ ಪೈಪು ಒಡೆದರೆ, ಐದನೆಯ ವರ್ಷ ಕಾಲುವೆಯಲ್ಲಿ ಹೂಳು ತುಂಬಿದರೆ ಯಾರ ಹೊಣೆ? ನಮ್ಮ ಸೀಮೆಯ ಪೂರ್ವಿಕರು ಇದನ್ನು ಯೋಚಿಸಿದ್ದರು. ದಸವಂದವೆಂದೂ ಕಟ್ಟುಗೊಡಗಿಯೆಂದೂ ಶಾಸನಗಳಲ್ಲಿ ಕಾಣುವ ಏರ್ಪಾಡು ಅದೇ: ಕೆರೆಯನ್ನು ಕಟ್ಟಿದವನಿಗೆ ಅಥವಾ ದುರಸ್ತಿಮಾಡುವವನಿಗೆ ಭೂಮಿಯ ಒಂದು ಪಾಲನ್ನು ಬಿಟ್ಟು, ಮುಂದಿನ ಪೋಷಣೆಗೆ ಅದನ್ನೇ ಆಧಾರವಾಗಿಡುವುದು. ನೀರು ಹಂಚುವ ನೀರಗಂಟಿಗೂ ಅವನ ಪಾಲು ಉಂಟು. ಕಟ್ಟುವ ದಿನವೇ ಕಾಯುವ ದಿನಗಳ ಯೋಚನೆ ನಡೆದಿತ್ತು. ಇಂದು ಆ ಸ್ಥಾನದಲ್ಲಿ ನಿಲ್ಲತಕ್ಕುದು ರೈತರದೇ ಸಂಘ. 2003ರಿಂದ ಶಾಸನವು ಬೆಳೆಗಾರರೇ ಒಡೆಯರಾದ ಉತ್ಪಾದಕ ಕಂಪೆನಿಗೂ ಅವಕಾಶ ಕೊಟ್ಟಿದೆ. ನೆರವಿನ ಹಣದಲ್ಲಿ ಒಂದು ಪಾಲು ಇಂತಹ ಸಂಘದ ಮೂಲನಿಧಿಯಾಗಿ ಉಳಿದರೆ, ಕಂಪೆನಿ ಹೋದ ಮೇಲೂ ಕೆಲಸ ನಿಲ್ಲುವುದು.

ರೈತನಿಗೂ ಇಲ್ಲಿ ಧರ್ಮವೊಂದಿದೆ. ಹನಿ ನೀರಿನಿಂದ ಉಳಿದ ನೀರನ್ನು ನೆಲದಲ್ಲಿ ಉಳಿಯಗೊಡದೆ ಇನ್ನೂ ಒಂದು ಎಕರೆ ಟೊಮೇಟೋಗೆ ಹರಿಸಿದರೆ, ಬಾವಿ ಬತ್ತುವ ದಿನ ಸ್ವಲ್ಪ ಬೇಗ ಬರುವುದೇ ಹೊರತು ಊರಿಗೆ ಲಾಭವಿಲ್ಲ. ಕೆರೆ ತುಂಬಿಸಿದವರನ್ನು ಹೊಗಳಿ ಕೆರೆಯಂಗಳವನ್ನು ಒತ್ತುವರಿ ಮಾಡುವವನು ಯಾವ ಕಂಪೆನಿಯನ್ನೂ ದೂರುವಂತಿಲ್ಲ. ನೆಲವು ಪಿತೃಗಳಿಂದ ಬಂದುದು, ಮಕ್ಕಳಿಗೆ ಸಲ್ಲತಕ್ಕುದು; ನಡುವಣವನು ಅದರ ಒಡೆಯನೆನ್ನುವುದಕ್ಕಿಂತ ಸಾಲಗಾರನೆನ್ನುವುದೇ ಸರಿ.

ಆದುದರಿಂದ ಕಂಪೆನಿಯ ನೆರವನ್ನು ಮೊದಲು ಋಣವೆಂದು ತಿಳಿಯುವುದು ಇಬ್ಬರಿಗೂ ಕ್ಷೇಮ. ಹಾಗೆ ತಿಳಿದಲ್ಲಿ ಕೊಡುವವನಿಗೆ ಗರ್ವವಿಲ್ಲ, ಪಡೆಯುವವನಿಗೆ ದೈನ್ಯವಿಲ್ಲ. ತೀರಿಸತಕ್ಕುದನ್ನು ತೀರಿಸಿ, ಅದರ ಮೇಲೆ ಶ್ರದ್ಧೆಯಿಂದ ಕೇಳಿ ತಿಳಿದು ಮಾಡಿದ ಕೆಲಸ, ಬಿಟ್ಟುಕೊಟ್ಟ ಅಧಿಕಾರ, ತಾನಿಲ್ಲದ ಕಾಲಕ್ಕೂ ಮಾಡಿಟ್ಟ ಏರ್ಪಾಡು, ಇಷ್ಟು ಮಾತ್ರ ದಾನವೆನಿಸಿಕೊಳ್ಳಲು ತಕ್ಕುದು. ಅದರ ಅಳತೆ ರೂಪಾಯಿಗಳ ಲೆಕ್ಕದಲ್ಲಿಲ್ಲ. ಯೋಜನೆ ಮುಗಿದು ಫಲಕದ ಬಣ್ಣ ಮಾಸಿದ ಮೇಲೆ ಕೆರೆಯ ತೂಬು ಕಾಲಕ್ಕೆ ತೆರೆಯುವುದೋ ಇಲ್ಲವೋ ಎಂಬುದರಲ್ಲಿದೆ.