ಜೇಬಿನ ಸಕ್ಕರೆ ಪೊಟ್ಟಣ

ನಮ್ಮ ಸೋದರಮಾವನ ಅಂಗಿ ಜೇಬಿನಲ್ಲಿ ಸದಾ ಒಂದು ಕಾಗದದ ಪೊಟ್ಟಣ ಇರುತ್ತದೆ. ಅದರಲ್ಲಿ ಎರಡು ಚಮಚ ಸಕ್ಕರೆ. ಶುಗರ್ ಇರುವವರ ಜೇಬಲ್ಲೇ ಸಕ್ಕರೆ ಎಂದು ಮೊಮ್ಮಕ್ಕಳು ನಗುತ್ತಾರೆ. ಆದರೆ ಮಾತ್ರೆ ನುಂಗಿ ಊಟ ತಡವಾದ ದಿನ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟಾಗ ಆ ಪೊಟ್ಟಣವೇ ದಿಕ್ಕು.

ಹೋದ ವರ್ಷ ಗುಬ್ಬಿಯ ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಬರುವಾಗ ಅವರಿಗೆ ಬೆವರು ಕಿತ್ತುಕೊಂಡು ಬಂತು, ಉಸಿರು ಸಾಲದಾಯಿತು. ಯಾವುದೋ ಅಂಗಡಿಯ ಜಗಲಿ ಮೇಲೆ ಕೂತು ಪೊಟ್ಟಣ ಬಿಚ್ಚಿ, ಸಕ್ಕರೆ ಬಾಯಿಗೆ ಹಾಕಿಕೊಂಡು ಕಾದರು. ಅರ್ಧ ಗಂಟೆಯಾದರೂ ಬೆವರು ನಿಲ್ಲಲಿಲ್ಲ. ಎದೆನೋವು ಮಾತ್ರ ಒಂದು ಚೂರೂ ಇರಲಿಲ್ಲ. ಕೊನೆಗೆ ಅಂಗಡಿಯವನೇ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದ. ಇಸಿಜಿ ಪಟ್ಟಿಯನ್ನು ಎರಡು ಸಲ ಬೆಳಕಿಗೆ ಹಿಡಿದು ನೋಡಿದ ಡಾಕ್ಟರು ಹೃದಯಾಘಾತ ಎಂದರು. ಆಮೇಲೆ ಕೇಳಿದರು: “ಯಜಮಾನ್ರೇ, ಇದು ಎರಡನೇದು ಅನ್ಸುತ್ತೆ. ಮೊದಲನೇದು ಯಾವಾಗ ಆಯ್ತು?”

ಮಾವನಿಗೆ ಏನೂ ಹೊಳೆಯಲಿಲ್ಲ. ನೆನಪಾದದ್ದು ಅತ್ತೆಗೆ. ಎರಡು ವರ್ಷದ ಹಿಂದೆ, ಜಾತ್ರೆಯ ಮಾರನೇ ದಿನ, ಸುಸ್ತು ಎಂದು ಮಲಗಿದವರು ನಾಲ್ಕು ದಿನ ಎದ್ದಿರಲಿಲ್ಲ. ಗ್ಯಾಸು ಎಂದು ಜೀರಿಗೆ ಕಷಾಯ ಕುಡಿಸಿದ್ದರು.

ಹೃದಯಾಘಾತ ಎಂದರೆ ಎದೆ ಹಿಡಿದುಕೊಂಡು ಕುಸಿಯುವುದು ಎಂದು ನಮಗೆ ಸಿನಿಮಾ ಕಲಿಸಿಬಿಟ್ಟಿದೆ. ಹತ್ತಿಪ್ಪತ್ತು ವರ್ಷ ಸಕ್ಕರೆ ಕಾಯಿಲೆ ಮೈಯಲ್ಲಿದ್ದರೆ ಪಾದದ ನರ ಮಂಕಾಗುವುದು ಹಳ್ಳಿಯಲ್ಲೂ ಎಲ್ಲರಿಗೂ ಗೊತ್ತು. ಕಾಲಿನಿಂದ ಚಪ್ಪಲಿ ಕಳಚಿದ್ದು ತಿಳಿಯದೆ ನಡೆದುಹೋಗುವವರನ್ನು ಕಂಡಿದ್ದೇವೆ. ಅದೇ ಮಂಕು ಹೃದಯದ ನೋವನ್ನು ಮಿದುಳಿಗೆ ಮುಟ್ಟಿಸುವ ನರಗಳಿಗೂ ಕವಿಯುತ್ತದೆ. ಎಲ್ಲರಿಗೂ ಹೀಗಾಗುತ್ತದೆಂದಲ್ಲ, ಶುಗರ್ ಇದ್ದವರಲ್ಲೂ ಬಹಳ ಮಂದಿಗೆ ನೋವು ಬಂದೇ ಬರುತ್ತದೆ. ಬರದವರಲ್ಲಿ ಬೆವರು, ಏದುಸಿರು, ಕಾರಣವಿಲ್ಲದ ಸುಸ್ತು, ಹೊಟ್ಟೆ ತೊಳಸುವುದು ಇಷ್ಟೇ. ಇವುಗಳಲ್ಲಿ ಬೆವರಂತೂ ಸಕ್ಕರೆ ಇಳಿದಾಗ ಬರುವ ಬೆವರಿನಂತೆಯೇ ಇರುವುದರಿಂದ ರೋಗಿ ಮೋಸ ಹೋಗುತ್ತಾನೆ.

1998ರಲ್ಲಿ ಫಿನ್ಲೆಂಡಿನ ಜನರ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಒಮ್ಮೆಯೂ ಹೃದಯಾಘಾತವಾಗಿರದ ಮಧುಮೇಹಿಗಳಲ್ಲಿ ಏಳು ವರ್ಷದೊಳಗೆ ಶೇ 20.2 ಮಂದಿಗೆ ಹೃದಯಾಘಾತವಾಯಿತು. ಮಧುಮೇಹವಿಲ್ಲದೆ, ಆಗಲೇ ಒಂದು ಸಲ ಆಘಾತವಾಗಿದ್ದವರಲ್ಲಿ ಅದು ಶೇ 18.8. ಮುಂದೆ ಬಂದ ಅಧ್ಯಯನಗಳು ಎರಡನ್ನೂ ಇಷ್ಟು ಖಡಾಖಂಡಿತವಾಗಿ ಸಮ ಎನ್ನಲಿಲ್ಲ. ಕಾಯಿಲೆ ಎಷ್ಟು ವರ್ಷದ್ದು, ಕಿಡ್ನಿ ಹೇಗಿದೆ ಎನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು.

ಮಾವನ ಸ್ಥಿತಿ ಔಷಧದಲ್ಲೇ ಹತೋಟಿಗೆ ಬಂದ ಮೇಲೆ ಬೆಂಗಳೂರಿನಲ್ಲಿ ಆಂಜಿಯೋಗ್ರಾಂ ಆಯಿತು. “ಎಷ್ಟು ಬ್ಲಾಕು?” ಎಂದು ಮಾವನ ಮಗ ಕೇಳಿದ. ಮೂರು ಎಂಬ ಉತ್ತರ ಹತ್ತು ನಿಮಿಷದಲ್ಲಿ ಬಳಗಕ್ಕೆಲ್ಲ ಫೋನಿನಲ್ಲಿ ಹರಡಿತು. ಆದರೆ ಪರದೆಯ ಮೇಲೆ ಡಾಕ್ಟರು ತೋರಿಸಿದಾಗ ನನಗೆ ಎಣಿಸಲು ಮೂರು ಸಿಗಲಿಲ್ಲ. ರಕ್ತನಾಳದ ಕಪ್ಪು ಗೆರೆ ಇಲಿ ಕಡಿದ ಹುರಿಯ ಹಾಗೆ ಉದ್ದಕ್ಕೂ ತೆಳ್ಳಗೆ, ಅಲ್ಲಲ್ಲಿ ಗಂಟುಗಂಟು. ಶುಗರ್ ಇರುವವರ ರಕ್ತನಾಳದ ಚಹರೆಯೇ ಬಹಳ ಸಲ ಇದು. ವರ್ಷಗಟ್ಟಲೆ ಸಕ್ಕರೆ ತುಂಬಿದ ರಕ್ತ ಹರಿದು ನಾಳದ ಒಳಪದರ ಒರಟಾಗುತ್ತದೆ, ಕೊಬ್ಬು ಅಲ್ಲಿ ಸುಲಭವಾಗಿ ಇಳಿಯುತ್ತದೆ, ರಕ್ತದ ಪ್ಲೇಟ್‌ಲೆಟ್‌ಗಳಿಗೆ ಅಂಟು ಜಾಸ್ತಿ. ಕಾಯಿಲೆ ಒಂದು ಜಾಗದಲ್ಲಿ ನಿಲ್ಲದೆ ನಾಳದ ಉದ್ದಕ್ಕೂ ಹಬ್ಬುತ್ತದೆ.

“ಎದೆ ಸೀಳೋದು ಬೇಡ ಡಾಕ್ಟ್ರೇ, ಸ್ಟೆಂಟ್ ಹಾಕಿ ಕಳಿಸಿಬಿಡಿ” ಎಂದ ಮಗ. ತಪ್ಪಿಲ್ಲ. ಎರಡು ದಿನದಲ್ಲಿ ಮನೆಗೆ ಹೋಗುವ ದಾರಿ ಒಂದು, ಎದೆಯ ಮೂಳೆ ಕೊಯ್ದು ತಿಂಗಳುಗಟ್ಟಲೆ ಕೂರಿಸುವ ದಾರಿ ಇನ್ನೊಂದು. ಯಾರಾದರೂ ಮೊದಲನೆಯದನ್ನೇ ಕೇಳುತ್ತಾರೆ. ಮಾವ ಮಾತ್ರ ಪರದೆಯನ್ನೇ ನೋಡುತ್ತಿದ್ದರು. ಅವರ ತಂದೆ ಊರ ಕೆರೆಗೆ ನೀರಗಂಟಿಯಾಗಿದ್ದವರು. “ಒಂದ್ಕಡೆ ಹೂಳು ಬಿದ್ದಿದ್ರೆ ಸನಿಕೆ ತಗೊಂಡು ಎತ್ತಾಕಬೋದು. ಇದು ತೂಬಿನಿಂದ ಗದ್ದೆ ತನ್ಕ ಹೂಳು. ಬೇರೆ ಕಾಲುವೆ ತೋಡ್ಬೇಕು, ಅಲ್ವಾ ಸಾರ್?” ಡಾಕ್ಟರು ನಕ್ಕು, ಇದನ್ನು ಹೇಳೋಕೆ ನಾವು ಇಪ್ಪತ್ತು ನಿಮಿಷ ತಗೋತೀವಿ ಎಂದರು.

ಆ ಮಾತಿನ ಹಿಂದೆ ದೊಡ್ಡ ಇತಿಹಾಸವೇ ಇದೆ. ಬಲೂನಿನಿಂದ ನಾಳ ಹಿಗ್ಗಿಸುವುದೋ ಬೈಪಾಸೋ ಎಂದು ಹೋಲಿಸಿದ ಬಾರಿ ಎಂಬ ಅಧ್ಯಯನದಲ್ಲಿ, ಐದು ವರ್ಷದ ಬಳಿಕ ಬದುಕಿದ್ದ ಮಧುಮೇಹಿಗಳು ಬೈಪಾಸ್ ಗುಂಪಿನಲ್ಲಿ ಶೇ 80.6, ಬಲೂನ್ ಗುಂಪಿನಲ್ಲಿ ಶೇ 65.5. ಅಂತರ ಎಷ್ಟಿತ್ತೆಂದರೆ 1995ರಲ್ಲಿ ಅಮೆರಿಕದ ರಾಷ್ಟ್ರೀಯ ಹೃದಯ ಸಂಸ್ಥೆ ವೈದ್ಯರಿಗೆ ನೇರ ಎಚ್ಚರಿಕೆಯನ್ನೇ ಕಳಿಸಿತು. ಆ ಅಧ್ಯಯನದಲ್ಲಿ ಸ್ಟೆಂಟ್ ಬಳಸಿರಲಿಲ್ಲ, ಔಷಧ ಸವರಿದ ಸ್ಟೆಂಟ್ ಬಂದ ಮೇಲೆ ಲೆಕ್ಕ ತಿರುಗುತ್ತದೆ ಎಂದು ಹಲವರು ನಂಬಿದ್ದರು. ಡಾ. ವ್ಯಾಲೆಂಟಿನ್ ಫ್ಯೂಸ್ಟರ್ ನೇತೃತ್ವದ ಫ್ರೀಡಂ ಅಧ್ಯಯನ 1,900 ಮಧುಮೇಹಿಗಳಲ್ಲಿ ಆ ಸ್ಟೆಂಟನ್ನೇ ಬೈಪಾಸಿನ ಎದುರು ನಿಲ್ಲಿಸಿತು. 2012ರಲ್ಲಿ ಬಂದ ಫಲಿತಾಂಶ: ಐದು ವರ್ಷದಲ್ಲಿ ತೀರಿಕೊಂಡವರು ಸ್ಟೆಂಟ್ ಕಡೆ ಶೇ 16.3, ಬೈಪಾಸ್ ಕಡೆ ಶೇ 10.9. ಪಾರ್ಶ್ವವಾಯು ಮಾತ್ರ ಬೈಪಾಸ್ ಆದವರಲ್ಲೇ ಹೆಚ್ಚು, ಶೇ 5.2, ಸ್ಟೆಂಟಿನವರಲ್ಲಿ ಶೇ 2.4. ಸಹಿ ಹಾಕುವ ಮುಂಚೆ ಮನೆಯವರಿಗೆ ಈ ಎರಡನೇ ಲೆಕ್ಕವನ್ನೂ ಹೇಳಬೇಕು.

ಕಾರಣ ಮಾವ ಹೇಳಿದ್ದೇ. ಸ್ಟೆಂಟ್ ಇವತ್ತಿನ ಬ್ಲಾಕನ್ನು ಬಿಡಿಸುತ್ತದೆ; ಅದೇ ನಾಳದಲ್ಲಿ ಎರಡು ಅಂಗುಲ ಆಚೆ ಮುಂದಿನ ವರ್ಷ ಕಟ್ಟಿಕೊಳ್ಳುವುದಕ್ಕೆ ಅದರ ಬಳಿ ಉತ್ತರವಿಲ್ಲ. ಬೈಪಾಸ್ ನಾಳ ಹೂಳಿನ ಕೆಳಗೆ ಹೋಗಿ ಕೂಡುತ್ತದೆ. ಅದರಲ್ಲೂ ಎದೆಗೋಡೆಯ ಒಳಗಿನ ಅಪಧಮನಿಯನ್ನು ತಂದು ಜೋಡಿಸಿದರೆ ಹತ್ತು ವರ್ಷದ ಮೇಲೂ ಬಹುಪಾಲು ತೆರೆದೇ ಇರುತ್ತದೆ. ಕೊಬ್ಬು ಅದನ್ನು ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಹಾಗೆಂದು ಶುಗರ್ ಇದ್ದವರೆಲ್ಲ ಸ್ಟೆಂಟ್ ಬೇಡ ಎಂದು ಪಟ್ಟು ಹಿಡಿಯಬಾರದು. ನಾಳ ಪೂರ್ತಿ ಮುಚ್ಚಿದ ತುರ್ತಿನಲ್ಲಿ ನಿಮಿಷ ನಿಮಿಷವೂ ಲೆಕ್ಕ, ಅಲ್ಲಿ ಸ್ಟೆಂಟೇ ಜೀವ ಉಳಿಸುವುದು. ಒಂದೇ ನಾಳದ ಕಾಯಿಲೆಗೂ ಬಹಳ ಸಲ ಅದೇ ಸಾಕು. ನೋವು ಹತೋಟಿಯಲ್ಲಿರುವ ಕೆಲವರಿಗೆ ಬರಿಯ ಮಾತ್ರೆಯೂ ಸಾಕಾಗುವುದುಂಟು.

ಮಾತ್ರೆಯ ವಿಷಯಕ್ಕೆ ಬಂದರೆ ನಮ್ಮಲ್ಲಿ ಒಂದು ವಿಚಿತ್ರ ಸಮಾಧಾನವಿದೆ: ಶುಗರ್ ಕಂಟ್ರೋಲಿನಲ್ಲಿದೆ, ಇನ್ನೇನು? ಆದರೆ ಸಕ್ಕರೆ ಇಳಿದ ಮಾತ್ರಕ್ಕೆ ಹೃದಯ ಉಳಿಯುವುದಿಲ್ಲ. ಸಕ್ಕರೆಯನ್ನು ತೀರಾ ಬಿಗಿಯಾಗಿ ಇಳಿಸಲು ಹೊರಟ ಅಕಾರ್ಡ್ ಎಂಬ ಅಧ್ಯಯನದಲ್ಲಿ ಸಾವು ಕಡಿಮೆಯಾಗುವ ಬದಲು ಹೆಚ್ಚಾಗಿ, 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಕೊಲೆಸ್ಟರಾಲ್ ನಾರ್ಮಲ್ ಇದೆಯಲ್ಲ, ಸ್ಟ್ಯಾಟಿನ್ ಯಾಕೆ ಎನ್ನುವುದು ಇನ್ನೊಂದು. ಕೊಲೆಸ್ಟರಾಲ್ ಹೇಳಿಕೊಳ್ಳುವಷ್ಟು ಏರಿರದ 2,838 ಮಧುಮೇಹಿಗಳಿಗೆ ದಿನಕ್ಕೊಂದು ಸಣ್ಣ ಸ್ಟ್ಯಾಟಿನ್ ಮಾತ್ರೆ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದಾಗ, ಸ್ಟ್ಯಾಟಿನ್ ಸಿಕ್ಕವರಲ್ಲಿ ಹೃದಯ ಮತ್ತು ಪಾರ್ಶ್ವವಾಯುವಿನ ಅವಘಡಗಳು ಶೇ 37ರಷ್ಟು ತಗ್ಗಿದವು. 2015ರಲ್ಲಿ ಎಂಪಾಗ್ಲಿಫ್ಲೋಜಿನ್ ಇನ್ನೂ ಬೆರಗು ಹುಟ್ಟಿಸಿತು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಈ ಮಾತ್ರೆ ಹೃದಯಕ್ಕೆ ಕೇಡು ಮಾಡುವುದಿಲ್ಲ ಎಂದು ತೋರಿಸಿದರೆ ಸಾಕಾಗಿತ್ತು. ಅದು ಹೃದಯದ ಸಾವುಗಳನ್ನು ಶೇ 38ರಷ್ಟು ಇಳಿಸಿ ಕೂತಿತು. 2025ರ ಮಾರ್ಚ್‌ನಲ್ಲಿ ಇಲ್ಲಿ ಅದರ ಪೇಟೆಂಟ್ ಮುಗಿದು, ಹಲವು ಕಂಪನಿಗಳು ಮಾಡತೊಡಗಿದ ಮೇಲೆ ಬೆಲೆ ಬಿದ್ದಿತು. ಮಾವನ ಡಬ್ಬಿಯಲ್ಲಿ ಈಗ ಅದೂ ಇದೆ.

ಅವರಿಗೆ ಬೈಪಾಸ್ ಆಯಿತು. ಎದೆಯ ಗಾಯ ಬೇಗ ಮಾಗಿತು, ಜೋಡಿಸಲೆಂದು ನಾಳ ತೆಗೆದ ಕಾಲಿನ ಗಾಯ ಮಾತ್ರ ಎರಡು ತಿಂಗಳು ಸತಾಯಿಸಿತು. ಅತ್ತೆ ದಿನಾ ಬೆಳಿಗ್ಗೆ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು.

ಜೇಬಿನಲ್ಲಿ ಪೊಟ್ಟಣ ಇನ್ನೂ ಇದೆ, ಪಕ್ಕದಲ್ಲಿ ಬೆರಳು ಚುಚ್ಚಿ ನೋಡುವ ಮಿಷನ್ನು ಸೇರಿಕೊಂಡಿದೆ. ಮೊನ್ನೆ ಬೇಸಿಗೆಯಲ್ಲಿ ತೋಟದಿಂದ ಬಂದವರು ಜಗಲಿಯಲ್ಲಿ ಕೂತು ಬೆವರು ಒರೆಸಿಕೊಂಡು, ಪೊಟ್ಟಣಕ್ಕೆ ಕೈ ಹಾಕದೆ ಬೆರಳು ಚುಚ್ಚಿಕೊಂಡರಂತೆ. 142 ತೋರಿಸಿತು. “ಇದು ಸಕ್ಕರೆ ಇಳಿದದ್ದಲ್ಲ, ಆಟೋ ಕರಿ” ಎಂದರಂತೆ ಮಗನಿಗೆ. ಇಸಿಜಿ, ರಕ್ತಪರೀಕ್ಷೆ ಎರಡೂ ಸರಿಯಾಗಿದ್ದವು, ಬರೀ ಬಿಸಿಲು. ಆಟೋದವನಿಗೆ ಕೊಟ್ಟ ಇನ್ನೂರು ದಂಡ ಎಂದು ಮಗ ಗೊಣಗಿದ್ದಕ್ಕೆ ಮಾವ, ಜೀರಿಗೆ ಕಷಾಯಕ್ಕಿಂತ ಅಗ್ಗವೇ ಆಯ್ತು ಬಿಡೋ ಎಂದರಂತೆ.